ಮುಚ್ಚಳ ಎತ್ತಿದ ವರ್ಷ

ಅಳಿಯನೊಬ್ಬನನ್ನು ನಂಬಿಕೊಂಡು ಆಕಾಶವನ್ನು ನಡೆಸಲು ಹೊರಟ ಸರಕಾರ ಪ್ರಪಂಚದಲ್ಲಿ ನಮ್ಮ ಸಾವೆಲಾ ದ್ವೀಪದ್ದೊಂದೇ ಇರಬೇಕು. ಆ ಅಳಿಯ ನಾನೇ. ಹೆಸರು ಅಡಿವೆಪ್ಪ, ಕೆಲಸ ಹವಾಮಾನ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ, ಸಿಟ್ಟು ಮೂಗಿನ ತುದಿಯಲ್ಲಿ. ಕೊನೆಯದನ್ನು ಸೇರಿಸಲೇಬೇಕು ಎಂದು ಹೆಂಡತಿ ಮಹಾನಂದಾ ಹಟ ಹಿಡಿದಳು. ಸೇರಿಸಿದ್ದೇನೆ.

ನಮ್ಮ ದ್ವೀಪ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ, ವಾಣಿಜ್ಯ ಮಾರುತಗಳು ವರ್ಷವಿಡೀ ಒಂದೇ ದಿಕ್ಕಿನಿಂದ ಬೀಸುವ ಪಟ್ಟಿಯಲ್ಲಿ. ಸುತ್ತ ಎಲ್ಲಿ ನೋಡಿದರೂ ನೀರು, ತಲೆಯ ಮೇಲೆ ಯಾವಾಗಲೂ ಮೋಡ, ಆದರೂ ಮಳೆ ಮಾತ್ರ ಅಪರೂಪ. ಕಾರಣ ಸರಳವಾಗಿದೆ. ಭೂಮಧ್ಯರೇಖೆಯ ಹತ್ತಿರ ಮೇಲೇರಿದ ಗಾಳಿ ತನ್ನ ನೀರನ್ನೆಲ್ಲ ಅಲ್ಲೇ ಸುರಿಸಿ, ಒಣಗಿ, ನಮ್ಮ ಕಡೆ ಬಂದು ನಿಧಾನವಾಗಿ ಕೆಳಗಿಳಿಯುತ್ತದೆ. ಇಳಿಯುತ್ತಾ ಇಳಿಯುತ್ತಾ ಒತ್ತಡಕ್ಕೆ ಸಿಕ್ಕು ಬಿಸಿಯಾಗುತ್ತದೆ. ಕೆಳಗೆ ತಣ್ಣನೆಯ ಸಮುದ್ರಕ್ಕೆ ಅಂಟಿಕೊಂಡ ತೇವದ ಗಾಳಿ, ಅದರ ಮೇಲೆ ಈ ಒಣ ಬಿಸಿ ಗಾಳಿ. ಮೇಲೆ ಹೋದಂತೆಲ್ಲ ಚಳಿ ಹೆಚ್ಚಬೇಕಾದದ್ದು ಲೋಕದ ನಿಯಮ. ನಮ್ಮಲ್ಲಿ ಒಂದು ಎತ್ತರ ಮುಟ್ಟಿದ ಕೂಡಲೇ ಅದು ತಲೆಕೆಳಗಾಗಿ, ಬಿಸಿ ಹೆಚ್ಚತೊಡಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಉಷ್ಣಾಂಶದ ವಿಲೋಮ ಎಂದು ಹೆಸರು. ನಾವು ಮುಚ್ಚಳ ಅನ್ನುತ್ತೇವೆ. ಕೆಳಗಿನಿಂದ ಎದ್ದ ಮೋಡ ಈ ಮುಚ್ಚಳಕ್ಕೆ ತಲೆ ಬಡಿದು ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ದಪ್ಪಗಾಗದ ಮೋಡ ಮಳೆ ಕೊಡುವುದಿಲ್ಲ.

ಆ ಚಪ್ಪಟೆ ಮೋಡವನ್ನೇ ನಂಬಿ ಬದುಕುವ ಊರು ಮ್ಯಾಲಿನ ಕೇರಿ. ಗುಡ್ಡದ ಹಿಂಬದಿಯಲ್ಲಿ, ಮೋಡ ನೇರವಾಗಿ ಅಡುಗೆಮನೆಗೇ ನುಗ್ಗುವಷ್ಟು ಎತ್ತರದಲ್ಲಿದೆ. ಮಂಜು ಹಿಡಿಯುವ ಬಲೆ ನೇಯುವುದಕ್ಕೆಂದು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಇಳಕಲ್ಲು, ಗುಳೇದಗುಡ್ಡದ ಕಡೆಯಿಂದ ನೇಕಾರರನ್ನು ಕರೆತಂದಿದ್ದರು. ಬಲೆ ನೇಯ್ದುಕೊಟ್ಟು ತಿರುಗಿ ಹೋಗಬೇಕಾದವರು ಇಲ್ಲೇ ನಿಂತರು. ಕೆಲವರು ಕೆಳಗೆ ಬಂದರಿಗೆ ಇಳಿದರು. ನಾನು ಆ ಪೈಕಿ. ಉಳಿದವರು ಮೇಲೆಯೇ ಉಳಿದರು. ನನ್ನ ಹೆಂಡತಿ ಆ ಪೈಕಿ. ಗಾಳಿಗೆ ಎದುರಾಗಿ ಕಟ್ಟಿದ ಬಲೆಯ ಎಳೆಗಳಲ್ಲಿ ಮೋಡ ಹನಿಗಟ್ಟುತ್ತದೆ. ಹನಿಗಳು ಕಾಲುವೆಗಿಳಿದು ಮೆಟ್ಟಿಲುಗಳಿರುವ ಕಲ್ಲಿನ ಹೊಂಡ ತುಂಬುತ್ತವೆ. ಕುಡಿಯಲು, ಬಟ್ಟೆ ಒಗೆಯಲು, ಕಾಯಿಪಲ್ಲೆ ಬೆಳೆಯಲು ಇಡೀ ಕೇರಿಗೆ ಅದೊಂದೇ ನೀರು.

ಬಂದರಿನ ಕಥೆ ಬೇರೆ. ಅಲ್ಲಿ ಜನ ಹೆಚ್ಚು, ಅಣೆಕಟ್ಟು ಚಿಕ್ಕದು. ಆ ವರ್ಷ ಅಣೆಕಟ್ಟಿನ ತಳದ ಕೆಸರೂ ಒಣಗಿತು. ಹಡಗಿನಲ್ಲಿ ತರಿಸಿದ ನೀರಿಗೆ ಓಣಿ ಓಣಿಯಲ್ಲಿ ಪಾಳಿ. ಮಹಾನಂದಾ ಆಗ ಬಸುರಿ. ನನಗೆ ಪಾಳಿಗಿಂತ ಪಾಳಿಯಲ್ಲಿ ಜಗಳವಾಡುವುದೇ ಹೆಚ್ಚಾಗುತ್ತದೆ ಎಂದು ನನ್ನನ್ನು ಮನೆಯಲ್ಲಿ ಬಿಟ್ಟು ಅವಳೇ ಕೊಡ ಹಿಡಿದು ಹೋಗುತ್ತಿದ್ದಳು.

ಆಗಲೇ ತೆರೇಜಾ ಮೇಡಂ ಮುಚ್ಚಳ ಎತ್ತುವ ಯೋಜನೆ ಮುಂದಿಟ್ಟದ್ದು. ಆಕೆ ನಮ್ಮ ಕೇಂದ್ರದ ಮುಖ್ಯಸ್ಥೆ. ಪೋರ್ಚುಗೀಸ್ ಮನೆತನದವಳು, ಆದರೆ ಕೇರಿಯ ಹುಡುಗಿಯರ ಜೊತೆ ಸಾಲೆ ಕಲಿತವಳು. ಬೈಯುವುದಕ್ಕೆ ಕನ್ನಡದಂಥ ಭಾಷೆಯಿಲ್ಲ ಎಂದು ನಂಬಿದ್ದಾಳೆ, ನನ್ನ ಮೇಲೆ ದಿನವೂ ಪರೀಕ್ಷಿಸುತ್ತಾಳೆ.

ಯೋಜನೆ ಹೀಗಿತ್ತು. ಗಾಳಿ ಬರುವ ದಿಕ್ಕಿನ ಸಮುದ್ರದ ಮೇಲೆ ತೂತುತೂತಾದ ತೆಳ್ಳನೆಯ ಹಾಳೆಗಳನ್ನು ಹಾಸುವುದು. ನಾವು ಅವನ್ನು ಚಾಪೆ ಎಂದು ಕರೆದೆವು. ಚಾಪೆ ಹಾಸಿದ ಕಡೆ ಗಾಳಿ ಸಮುದ್ರವನ್ನು ಕಲಕಿ ಅಡಿಯ ತಣ್ಣೀರನ್ನು ಮೇಲಕ್ಕೆ ತರಲಾರದು. ಮೇಲಿನ ನೀರು ಬಿಸಿಲಿಗೆ ಬೆಚ್ಚಗಾಗುತ್ತದೆ, ಅದರ ಮೇಲಿನ ತೇವದ ಗಾಳಿ ಜೋರಾಗಿ ಏರಿ ಮುಚ್ಚಳವನ್ನೇ ಮೇಲಕ್ಕೆ ತಳ್ಳುತ್ತದೆ. ಮೋಡಕ್ಕೆ ಬೆಳೆಯಲು ಜಾಗ ಸಿಕ್ಕಿ ಗುಡ್ಡದ ಮುಂಬದಿಯಲ್ಲಿ ಮಳೆಯಾಗಿ, ಅಣೆಕಟ್ಟು ತುಂಬುತ್ತದೆ. ಚಾಪೆ ಸುತ್ತಿದರೆ ಎರಡು ಮೂರು ದಿನದಲ್ಲಿ ಸಮುದ್ರ ತಣ್ಣಗಾಗಿ ಮುಚ್ಚಳ ಮತ್ತೆ ತನ್ನ ಜಾಗಕ್ಕೆ ಇಳಿಯುತ್ತದೆ.

ತೊಡಕು ಒಂದೇ. ಮುಚ್ಚಳ ಏರಿದರೆ ಅದಕ್ಕೆ ಅಂಟಿಕೊಂಡ ಮೋಡವೂ ಏರುತ್ತದೆ. ಕೇರಿಯ ಬಲೆಗಳು ಇರುವಲ್ಲೇ ಇರುತ್ತವೆ. ಅವುಗಳ ಮೇಲೆ ಬರೀ ಕಡಿದಾದ ಬಂಡೆ, ಒಯ್ದು ಕಟ್ಟಲು ಜಾಗವಿಲ್ಲ. ಗುಡ್ಡದ ಹಿಂಬದಿಗೆ ಮಳೆಯೂ ದಾಟುವುದಿಲ್ಲ. ಬಲೆಗೆ ಅರ್ಧದಷ್ಟಾದರೂ ನೀರು ಸಿಕ್ಕೇ ಸಿಗುತ್ತದೆ ಎಂದು ನಮ್ಮ ಗಣಕ ಹೇಳಿತು. ಗಣಕಕ್ಕೇನು, ಅದು ನೀರು ಕುಡಿಯುವುದಿಲ್ಲ. ಅದಕ್ಕೇ ಬಂದರಿನ ಕೌನ್ಸಿಲ್ಲೂ ಕೇರಿಯೂ ಒಂದು ಕರಾರು ಮಾಡಿಕೊಂಡವು: ಹೊಂಡ ಅರ್ಧಕ್ಕಿಂತ ಕೆಳಗಿಳಿಯಿತು ಎಂದು ಕೇರಿ ಹೇಳಿದ ದಿನವೇ ಚಾಪೆ ಸುತ್ತಬೇಕು. ಹೊಂಡದಲ್ಲಿಟ್ಟ ಅಳತೆಯ ಉಪಕರಣಗಳು ಉಪ್ಪು ಮಂಜಿಗೆ ತುಕ್ಕು ಹಿಡಿದು ಸತ್ತಿದ್ದವು. ಹಾಗಾಗಿ ಕೇರಿಯವರು ಬಾಯಲ್ಲಿ ಹೇಳಿದ್ದೇ ಅಂತಿಮ. ಹೇಳಲು ಕೇರಿ ಆರಿಸಿದ್ದು ನನ್ನ ಅತ್ತೆ ಶಿವಗಂಗವ್ವನನ್ನು. ಕೇಳಲು ಮೇಡಂ ಆರಿಸಿದ್ದು ನನ್ನನ್ನು.

"ಹೊರಗಿನವ್ರ ಮುಂದ ಕೇರಿ ಮಂದಿ ಬಾಯಿ ಬಿಡೂದಿಲ್ಲೋ ಅಡಿವೆಪ್ಪಾ," ಎಂದಳು ಮೇಡಂ. "ನೀ ಆ ಮನಿ ಅಳಿಯ. ನಿನಗಾದ್ರ ಖರೇ ಹೇಳ್ತಾರ."

"ಹೌದ್ರಿ ಮೇಡಂ, ಬರೋಬ್ಬರಿ ಅಂದ್ರಿ," ಎಂದೆ ನಾನು. ಎಂಥ ಬುದ್ಧಿವಂತರು ನಾವಿಬ್ಬರೂ!

ಚಾಪೆ ಹಾಸಿದೆವು. ಮೇಲಿನ ಉಷ್ಣಾಂಶ ಅಳೆಯುವ ಬಲೂನು ಹಾರಿಸಿ ನೋಡುತ್ತಿದ್ದಂತೆ ಮುಚ್ಚಳ ಮೇಲಕ್ಕೆ ಸರಿಯತೊಡಗಿತು. ಒಂದು ಮಧ್ಯಾಹ್ನ ನಿಯಂತ್ರಣ ಕೊಠಡಿಯ ತಗಡಿನ ಮೇಲೆ ಟಪಟಪ ಸದ್ದಾಯಿತು. ಯಾರೋ ಕಲ್ಲು ಹೊಡೆಯುತ್ತಿದ್ದಾರೆಂದು ಬೈಯುತ್ತಾ ಹೊರಗೆ ಓಡಿದೆ. ಮಳೆ! ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತು ನೆನೆಯುತ್ತಿದ್ದಳು. ಮನೆಗೆ ಹೋದರೆ ಮಹಾನಂದಾ ಇದ್ದಬದ್ದ ಪಾತ್ರೆಯನ್ನೆಲ್ಲ, ಇಡ್ಲಿ ತಟ್ಟೆಯನ್ನೂ ಸೇರಿಸಿ, ಮಾಳಿಗೆಯ ಮೇಲೆ ಹರಡಿದ್ದಳು.

"ಇಡ್ಲಿ ತಾಟಿನಾಗ ಎಷ್ಟ್ ನೀರು ಹಿಡಿತೈತೇ?" ಎಂದೆ.

"ಸುಮ್ಮಕಿರ್ರಿ. ಒಂದು ಹನಿನೂ ನೆಲಕ್ಕ ಬೀಳಬಾರದು," ಎಂದು ಗದರಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ದಿನಗಳಾಗಿದ್ದವು.

ದಿನಾ ಬೆಳಿಗ್ಗೆ ಕೇರಿಯಿಂದ ಫೋನು ಬರುತ್ತಿತ್ತು.

"ಅತ್ತಿ, ಹೊಂಡ ಹೆಂಗೈತ್ರಿ?"

"ಆರಾಮ ಐತ್ರಿ ಅಳಿಯಂದ್ರ. ನೀರಿಗೇನ್ ಕಡಿಮಿ ನಮಗ? ನಮ್ಮ ಹುಡುಗಿ ಹೆಂಗದಾಳ? ಹುಳಿ ತಿನ್ನಾಕ ಮನಸ್ ಮಾಡ್ತಾಳನು?"

"ಎಷ್ಟ್ ಮೆಟ್ಟಲಾ ಮುಳುಗ್ಯಾವ್ರಿ ಅಂತ ಕೇಳಿದೆ."

"ಮುಳುಗಬೇಕಾದಷ್ಟು ಮುಳುಗ್ಯಾವ್ರಿ. ನೀವು ನಾಷ್ಟಾ ಮಾಡಿದ್ರಿಲ್ಲೋ?"

ನಾನು ಗಣಕದಲ್ಲಿ 'ಸಾಕಷ್ಟು' ಎಂಬ ಗುಂಡಿ ಒತ್ತುತ್ತಿದ್ದೆ. ಗಣಕದ ಅಂದಾಜಿಗಿಂತ ಬಲೆಗಳು ಹೆಚ್ಚು ನೀರು ಕೊಡುತ್ತಿವೆ ಎಂದು ಮೇಡಂಗೆ ಖುಷಿಯೋ ಖುಷಿ. ಹಾಗಾದರೆ ಇನ್ನೂ ಎತ್ತಬಹುದು ಎಂದು ಕೌನ್ಸಿಲ್ ಮತ್ತಷ್ಟು ಚಾಪೆ ಹಾಸಿಸಿತು. ಮುಚ್ಚಳ ಇನ್ನೂ ಏರಿತು. ಅಣೆಕಟ್ಟಿನಲ್ಲಿ ನೀರು ಹೊಳೆಯತೊಡಗಿತು. ಬಲೂನಿನ ಅಂಕಿಗಳನ್ನು ನೋಡಿದಾಗ ಮೋಡದ ಬುಡ ಕೇರಿಯನ್ನು ದಾಟಿ ಮೇಲೆ ಹೋಗಿರಬೇಕಲ್ಲ ಎಂದು ನನಗೆ ಅನುಮಾನ ಬರುತ್ತಿತ್ತು. ಕೆಳಗೆ ಬಂದರಿನಿಂದ ನೋಡಿದರೆ ಗುಡ್ಡದ ಹಿಂಬದಿ ಕಾಣುವುದಿಲ್ಲ. ಉಪಗ್ರಹಕ್ಕೆ ಮೋಡದ ಬೆನ್ನು ಕಾಣುತ್ತದೆಯೇ ಹೊರತು ಹೊಟ್ಟೆ ಕಾಣುವುದಿಲ್ಲ.

"ನಿಮ್ಮವ್ವ ಖರೇ ಹೇಳಾಕತ್ತಾರನು?" ಎಂದು ಒಮ್ಮೆ ಮಹಾನಂದಾಳನ್ನು ಕೇಳಿದೆ.

"ನಮ್ಮವ್ವ ಹುಟ್ಟಿದಾಗಿಂದ ಸುಳ್ಳ ಹೇಳಿದಾಕಿ ಅಲ್ಲ!" ಎಂದು ಮುಖ ತಿರುಗಿಸಿದಳು. ತವರಿನ ಮಾತು ಎತ್ತಿದ್ದಕ್ಕೆ ಆ ದಿನ ನನಗೆ ಸಿಕ್ಕಿದ್ದು ಬರೀ ಅನ್ನ, ಮಜ್ಜಿಗೆ.

ಮಹಾನಂದಾಳಿಗೆ ಏಳು ತಿಂಗಳು ತುಂಬಿತು. ತವರಿನಲ್ಲಿ ಕುಬಸ ಮಾಡಲು ಕರೆದರು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ ಅದು. ಇಬ್ಬರೂ ಬಸ್ಸಿನಲ್ಲಿ ಗುಡ್ಡ ಏರಿದೆವು. ಕೇರಿಯಲ್ಲಿ ಇಳಿದ ಕೂಡಲೇ ಕಣ್ಣುಜ್ಜಿಕೊಂಡು ನೋಡಿದೆ. ಓಣಿಯ ಆ ತುದಿಯವರೆಗೆ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಮೊದಲೆಲ್ಲ ಇಲ್ಲಿ ಎದುರು ಬರುವವರ ಕೆಮ್ಮು ಕೇಳಿದ ಮೇಲೆ ಮುಖ ಕಾಣುತ್ತಿತ್ತು. ಮೋಡ ಬಹಳ ಮೇಲೆ, ಬಂಡೆಗಳ ತಲೆಯ ಮೇಲೆ, ಬೂದು ಬಣ್ಣದಲ್ಲಿ ಕೂತಿತ್ತು.

"ಅತ್ತಿ, ಮೋಡ ಎಲ್ರಿ?" ಕಾಲಿಗೆ ನೀರು ಕೊಡುತ್ತಿದ್ದಾಗಲೇ ಕೇಳಿದೆ.

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಮರೆಗೆ ಸರಿದರು. ನನ್ನೆದುರು ನಿಂತು ಮಾತಾಡುವ ರೂಢಿ ಅವರಿಗಿಲ್ಲ. "ರಾತ್ರಿ ಇಳಿತೈತ್ರಿ, ಮುಂಜೇಲೆ ಹೋಗ್ತೈತಿ. ಬರ್ರಿ, ದಣದು ಬಂದೀರಿ," ಎಂದರು. ರಾತ್ರಿಯ ಹೊತ್ತು ಮೋಡ ದಪ್ಪಗಾಗುವುದು ನಿಜವೇ. ನಾನು ನಂಬಿದೆ.

ಮರುದಿನ ಬೆಳಿಗ್ಗೆ ನನಗೆ ಅಳಿಯನ ಸ್ನಾನ. ತಲೆಗೆ ಎಣ್ಣೆ ಹಚ್ಚಿ, ತಾಮ್ರದ ಹಂಡೆಯ ತುಂಬ ಕುದಿಯುವ ನೀರು, ಬೆರಕೆಗೆ ಪಕ್ಕದಲ್ಲಿ ತಣ್ಣೀರಿನ ಕೊಳಗ. "ಕೈ ಹಿಡದು ಹಾಕ್ಕೋಬ್ಯಾಡ್ರಿ ಅಳಿಯಂದ್ರ, ಬೇಕಾದಷ್ಟು ಐತಿ," ಎಂದು ಅತ್ತೆ ಹೊರಗಿನಿಂದಲೇ ಕೂಗಿದರು. ಬಂದರಿನಲ್ಲಿ ವರ್ಷಗಟ್ಟಲೆ ಬಕೀಟಿನ ತಳ ಕೆರೆದು ಮಿಂದವನು ನಾನು. ಹಾಡು ಗುನುಗುತ್ತಾ ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಂಡೆ. ಹಂಡೆ ಪೂರ್ತಿ ಖಾಲಿ ಮಾಡಿದೆ. ಮೈ ಮನಸ್ಸು ಎರಡೂ ಹಗುರಾದವು.

ಟವಲು ಸುತ್ತಿಕೊಂಡು ಹಿತ್ತಿಲ ಕಡೆ ಬಂದೆ. ಬಚ್ಚಲಿನ ನೀರು ಹೊರಗೆ ಬೀಳುವ ತೂಬಿನ ಬಾಯಿಗೆ ಪಕ್ಕದ ಮನೆಯ ಮುದುಕಿಯೊಬ್ಬಳು ಬಕೀಟು ಹಿಡಿದು ಕೂತಿದ್ದಳು. ನನ್ನ ಸಾಬೂನಿನ ನೊರೆ, ಎಣ್ಣೆಯ ಜಿಡ್ಡು, ಎಲ್ಲ ಸೇರಿದ ಆ ನೀರನ್ನು ಒಂದು ಹನಿಯೂ ಚೆಲ್ಲದಂತೆ ಹಿಡಿಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಸೆರಗಿನಿಂದ ಬಕೀಟು ಮುಚ್ಚಿದಳು.

"ಏನ್ ಮಾಡಾಕತ್ತೀಯಬೇ ಆಯಿ?"

"ಏನಿಲ್ಲ ಯಪ್ಪಾ... ಬದನಿಗಿಡಕ್ಕ."

ಅವಳ ಹಿಂದೆ ಗೋಡೆಗೆ ತಾಗಿ ಖಾಲಿ ಪಾತ್ರೆಗಳು ಸಾಲಾಗಿ ನಿಂತಿದ್ದವು. ಕೊಡ, ಚರಿಗೆ, ತಪೇಲಿ, ಹಾಲಿನ ಕ್ಯಾನು. ಕೇರಿಯಲ್ಲಿ ಪಾತ್ರೆಯ ಕಂಠದ ಮೇಲೆ ಮನೆಯವರ ಹೆಸರು ಕೊರೆಸುವ ಪದ್ಧತಿ. ಬಗ್ಗಿ ಓದುತ್ತಾ ಹೋದೆ. ಒಂದೊಂದರ ಮೇಲೆ ಒಂದೊಂದು ಮನೆಯ ಹೆಸರು. ಆಚೆ ಓಣಿಯವರದ್ದೂ ಇತ್ತು, ಅತ್ತೆಯ ಜೊತೆ ಮಾತು ಬಿಟ್ಟ ಮನೆಯವರದ್ದೂ ಇತ್ತು. ಇಡೀ ಕೇರಿ ತಾನು ಕುಡಿಯುವ ನೀರನ್ನು ಚರಿಗೆ ಚರಿಗೆಯಾಗಿ ತಂದು ಕೂಡಿಸಿ ನನ್ನ ಹಂಡೆ ತುಂಬಿಸಿತ್ತು. ನಾನು ಅದರಲ್ಲಿ ಹಾಡು ಹೇಳುತ್ತಾ ಮಿಂದಿದ್ದೆ. ಥೂ ನನ್ನ ಜನ್ಮಕ್ಕಿಷ್ಟು!

ಅಂಗಿ ಸಿಕ್ಕಿಸಿಕೊಂಡು ಹೊಂಡಕ್ಕೆ ಓಡಿದೆ. ಮೆಟ್ಟಿಲು ಒಂದೂ ಮುಳುಗಿರಲಿಲ್ಲ. ತಳದ ಪಾಚಿ ಒಣಗಿ ಹಪ್ಪಳದ ಹಾಗೆ ಎದ್ದಿತ್ತು. ಮೂಲೆಯಲ್ಲಿ ಬೊಗಸೆಯಷ್ಟು ನೀರು, ಅದರ ಪಕ್ಕ ಸೋಸುವ ಬಟ್ಟೆ. ಮೇಲೆ ಬಲೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಯಾವಾಗಲೂ ತೇವದಲ್ಲಿ ಭಾರವಾಗಿ ಜೋಲುವ ಬಲೆ ಹಾಗೆ ಸದ್ದು ಮಾಡುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮನೆಗೆ ಬಂದಾಗ ನನ್ನ ಸಿಟ್ಟು ನೆತ್ತಿಗೇರಿತ್ತು. "ಅತ್ತೀ, ಹೊಂಡ ಬತ್ತಿ ಎಷ್ಟ್ ದಿನಾ ಆತ್ರಿ?"

ಬಾಗಿಲ ಮರೆಯಿಂದ ಉತ್ತರ ಬಂತು. "ಹೋಳಿಗಿ ಬಿಸಿ ಅದಾವ್ರಿ. ಮೊದಲ ಊಟಕ್ಕ ಕುಂದರ್ರಿ ಅಳಿಯಂದ್ರ."

"ಹೋಳಿಗಿ ಒಲಿಗೆ ಹಾಕ್ರಿ! ದಿನಾ ಫೋನ್ಯಾಗ ಏನ್ ಹೇಳ್ತಿದ್ರಿ ನನಗ?"

ಅಳಿಯನೊಬ್ಬ ಆ ಮನೆಯಲ್ಲಿ ಹಾಗೆ ಕಿರುಚಿದ್ದು ಅದೇ ಮೊದಲಿರಬೇಕು. ಕುಬಸಕ್ಕೆ ಬಂದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದ ಮಹಾನಂದಾ ನನ್ನನ್ನೂ ಬಾಗಿಲನ್ನೂ ನೋಡಿದಳು. ನಾನು ಅಲ್ಲೇ ನಿಂತು ಮೇಡಂಗೆ ಫೋನು ಹಚ್ಚಿದೆ. ಕಂಡದ್ದನ್ನೆಲ್ಲ ಹೇಳಿದೆ.

"ಈಗೇ ನೀರಿನ ಟ್ಯಾಂಕರ್ ಕಳಿಸ್ತೀನಿ," ಎಂದಳು ಆಕೆ. "ಆದ್ರ ಚಾಪಿ ಸುತ್ತಾಕ ನಿನ್ನ ಮಾತು ನಡಿಯೂದಿಲ್ಲೋ. ಕೇರಿ ಬಾಯಿಂದ ಬರಬೇಕು ಅಂತ ಕರಾರೈತಿ. ಇವತ್ತ ಕೌನ್ಸಿಲ್‌ನ್ಯಾಗ ಮುಚ್ಚಳ ಇನ್ನೂ ಏರಸೂ ಮಾತು ಐತಿ. ಅಳಿಯ ಅತ್ತೀಮನಿ ಪರ ಹೇಳ್ತಾನ ಅಂತ ನಿನ್ನ ಒದ್ದು ಹೊರಗ ಹಾಕ್ತಾರ. ಶಿವಗಂಗವ್ವಾರ ಕಡಿಂದ ಒಂದ್ ಮಾತು ಹೇಳಸು. ಒಂದ್ ಮಾತು ಸಾಕು."

ಫೋನನ್ನು ಬಾಗಿಲ ಮರೆಗೆ ಚಾಚಿದೆ. ಅತ್ತೆ ತೆಗೆದುಕೊಳ್ಳಲಿಲ್ಲ.

"ಹೆಂಗ್ ಹೇಳ್ಲಿ ಅಳಿಯಂದ್ರ?" ಎಂದರು. "ಹೆಣ್ಣ ಕೊಟ್ಟ ಮನಿ ನಮ್ಮದು. ನಮ್ಮ ಮನ್ಯಾಗ ಕುಡಿಯಾಕ ನೀರಿಲ್ಲ ಅಂತ ಅಳಿಯನ ಮುಂದ ಯಾರರ ಹೇಳ್ತಾರನ್ರಿ? ಬಂದರಿಗೆ ಬಂದಾಗ ನೋಡೀನಿ ನಾ, ಬಸುರಿ ಹುಡುಗಿ ಬಿಸಲಾಗ ಕೊಡಾ ಹಿಡದು ಪಾಳಿ ನಿಂತಿತ್ತು. ಅಲ್ಲಿ ಮಳಿ ಆಗ್ಲಿ, ನಾವು ಹೆಂಗರ ಮಾಡೂಣು ಅಂತ ಕೇರಿ ಮಂದಿ ಎಲ್ಲಾ ಕೂಡೇ ಮಾತಾಡೀವಿ. ನನ್ನ ಹೊಟ್ಟ್ಯಾಗ ಹುಟ್ಟಿದ ಕೂಸು ಅದು. ಬ್ಯಾಡ್ರಿ, ನನ್ನ ಕಡಿಂದ ಹೇಳಸಬ್ಯಾಡ್ರಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆ ಹೆಂಗಸಿನ ಕಾಲು ಹಿಡಿಯಬೇಕೆನಿಸಿತು. ಖರೇ ಹೇಳಲಿ ಎಂದು ನಾವು ಹುಡುಕಿ ಹುಡುಕಿ ಕೂರಿಸಿದ್ದು ಯಾರ ಮುಂದೆ ಆ ಮಾತು ಆಡುವುದೇ ಸಾಧ್ಯವಿಲ್ಲವೋ ಅಂಥವನನ್ನು. ಬೇರೆ ಯಾವ ಮೂರ್ಖನನ್ನು ಕೂರಿಸಿದ್ದರೂ ಮೊದಲ ವಾರವೇ ಅವನಿಗೆ ಬೈದು ಹೇಳುತ್ತಿದ್ದರು.

ಆಗ ಮಹಾನಂದಾ ಮಣೆಯಿಂದ ಎದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಬಾಗಿಲ ಹತ್ತಿರ ಹೋದಳು.

"ಯವ್ವಾ, ನಾ ಇನ್ನ ಬಂದರಿಗೆ ಹೋಗೂದಿಲ್ಲ. ಹಡಿಯೂತನಕ ಇಲ್ಲೇ ಇರ್ತೀನಿ. ಬಾಣಂತನಾನೂ ಇಲ್ಲೇ."

"ಏ ಹುಚ್ಚಿ, ಅಲ್ಲಿ ದವಾಖಾನಿ ಐತಿ..."

"ಅಕ್ಕಗೋಳದು ಇಲ್ಲೇ ಮಾಡಿದ್ಯಲ್ಲ ನೀನು. ದಿನಾ ಬಾಣಂತಿಗೆ ಎರಡು ಹಂಡೆ ಕಾಸಿ ಹಾಕಿದಿ, ಕೂಸಿಗೆ ಬ್ಯಾರೆ. ಹೊಂಡಾ ತುಂಬೈತಿ ಅಂತ ದಿನಾ ಹೇಳ್ತೀಯಲ್ಲ, ನನಗೂ ಹಾಕು."

"ಮಹಾನಂದಾ..."

"ಹೇಳ ಯವ್ವಾ. ಹಾಕ್ತೀಯೋ ಇಲ್ಲೋ? ನನ್ನ ಕೂಸಿಗೆ ನೀರು ಹಾಕ್ತೀಯೋ ಇಲ್ಲೋ?"

ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಅತ್ತೆ ನನಗೆ ಸುಳ್ಳು ಹೇಳಬಹುದಿತ್ತು, ಸರಕಾರಕ್ಕೂ ಹೇಳಬಹುದಿತ್ತು. ಹುಟ್ಟಲಿರುವ ಕೂಸಿನ ಮೈ ತೊಳೆಯುವ ನೀರಿನ ಬಗ್ಗೆ ಯಾವ ತಾಯಿ ಸುಳ್ಳು ಹೇಳಿಯಾಳು? ಅತ್ತೆ ಬಾಗಿಲ ಮರೆಯಿಂದ ಹೊರಗೆ ಬಂದರು. ಮೊದಲ ಬಾರಿಗೆ ನನ್ನೆದುರು ನಿಂತರು. ಸೆರಗು ತಲೆಯಿಂದ ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ತುಟಿಗಳು ಒಡೆದು ಬಿಳಿಚಿಕೊಂಡಿದ್ದವು. ಎಷ್ಟು ದಿನದಿಂದ ಸರಿಯಾಗಿ ನೀರು ಕುಡಿದಿಲ್ಲವೋ. ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಯವ್ವಾ ತೆರೇಜಾ, ನಾನು ಶಿವಗಂಗವ್ವ. ನೀರಿಲ್ಲವ್ವ. ಹೊಂಡದಾಗ ನೀರಿಲ್ಲ, ಬಲಿ ಒಣಗ್ಯಾವ. ನನ್ನ ಮಗಳ ಬಾಣಂತನಕ್ಕ ನೀರಿಲ್ಲ."

ಅಷ್ಟು ಹೇಳಿ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತರು. ಮಗಳು ಪಕ್ಕದಲ್ಲಿ ಕೂತು ತಾಯಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಹೆಂಗಸರೆಲ್ಲ ಸುತ್ತ ಸೇರಿದರು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಮಹಾನಂದಾಳನ್ನು ತವರಿನಲ್ಲೇ ಬಿಟ್ಟು ನಾನು ಕೆಳಗಿಳಿದೆ. ಕೌನ್ಸಿಲ್‌ನಲ್ಲಿ ದೊಡ್ಡ ಗಲಾಟೆಯಾಯಿತು. ಅಣೆಕಟ್ಟು ಅರ್ಧ ತುಂಬಿದೆ, ಇನ್ನು ಒಂದು ತಿಂಗಳು ತಡೆಯಿರಿ ಎಂದರು. ಕರಾರು ಕರಾರೇ ಎಂದು ಮೇಡಂ ಮೇಜು ಗುದ್ದಿದಳು. ಕೊನೆಗೆ, 'ಚಾಪೆ ಸುತ್ತಬೇಕು' ಎಂದಿದೆಯೇ ಹೊರತು 'ಎಲ್ಲ ಚಾಪೆ' ಎಂದಿಲ್ಲ ಎಂದು ಯಾರೋ ಜಾಣರು ಹೇಳಿ, ಅರ್ಧದಷ್ಟು ಮಾತ್ರ ಸುತ್ತಲು ಒಪ್ಪಿದರು. ಬಂದರಿನ ಮಳೆ ಕ್ಷೀಣಿಸಿತು. ಎದುರುಮನೆಯವನು ನನ್ನನ್ನು ಕಂಡಾಗಲೆಲ್ಲ, "ನಮ್ಮ ಮಳಿ ಅತ್ತೀಮನಿಗೆ ಉಡುಗೊರೆ ಕೊಟ್ಟಾಂವ," ಎಂದು ಕಿಡಿ ಕಾರುತ್ತಿದ್ದ. ನಾನು ಎದುರುತ್ತರ ಕೊಡಲಿಲ್ಲ. ಅವನ ಮನೆಯಲ್ಲೂ ಸಣ್ಣ ಮಕ್ಕಳಿದ್ದಾರೆ, ಅವರಿಗೂ ನೀರು ಬೇಕು. ಅವನದೂ ತಪ್ಪಲ್ಲ.

ಸಮುದ್ರ ತಣ್ಣಗಾಗುವುದನ್ನು ಕಾಯುತ್ತಾ ಪರದೆಯ ಮುಂದೆ ಕೂತೆ. ಬಲೂನಿನ ಗೆರೆಯಲ್ಲಿ ಮುಚ್ಚಳ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿತ್ತು. ಫೋನಿನ ಕೆಲಸದಿಂದ ನನ್ನನ್ನು ಬಿಡಿಸಿ, ಬೇರೆ ಯಾರನ್ನಾದರೂ ಕೂರಿಸಿ ಎಂದು ಮೇಡಂಗೆ ಕೈಮುಗಿದು ಕೇಳಿದೆ. ಆಕೆಯೂ ಒಪ್ಪಿದಳು. ಆದರೆ ಕೇರಿ ಒಪ್ಪಲಿಲ್ಲ. ಹೇಳುವುದಿದ್ದರೆ ಅಳಿಯನಿಗೇ ಹೇಳುತ್ತೇನೆ, ಬೇರೆ ಯಾರಿಗೂ ಅಲ್ಲ ಎಂದು ಅತ್ತೆ ಹೇಳಿ ಕಳಿಸಿದರು. ಮತ್ತದೇ ರಾಗ ಶುರುವಾಯಿತಲ್ಲಪ್ಪ ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಮರುದಿನ ಬೆಳಿಗ್ಗೆ ಫೋನು ಬಡಿದುಕೊಂಡಿತು.

"ಅತ್ತಿ, ಹೊಂಡ ಹೆಂಗೈತ್ರಿ?"

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಏನ್ ಹೆಂಗೈತ್ರಿ? ಕಾಲ ಹಿಮ್ಮಡ ತೊಯ್ಯೂದಿಲ್ಲ ಅಷ್ಟ್ ನೀರೈತಿ! ಮೋಡ ಬಲಿ ಮ್ಯಾಲಿನ ಅಂಚಿಗೆ ಅಷ್ಟ ಮುಟ್ಟಿ ಹೊಂಟೈತಿ, ಕೆಳಗಿಂದೆಲ್ಲಾ ಒಣಾ ಒಣಾ. ಇಷ್ಟ್ ದೊಡ್ಡ ಸಾಲಿ ಕಲತು ಏನ್ ಮಾಡಾಕತ್ತೀರಿ ಅಲ್ಲಿ ಕುಂತು? ಇನ್ನೂ ಕೆಳಗ ಇಳಸ್ರಿ ನಿಮ್ಮ ಮುಚ್ಚಳಾ. ಇವತ್ತ ಇಳಸ್ರಿ, ನಾಳಿ ಅನ್ನಬ್ಯಾಡ್ರಿ!"

ಫೋನು ಇಟ್ಟೇಬಿಟ್ಟರು. ನಾನು ಕುರ್ಚಿಯಿಂದ ಜಿಗಿದೆದ್ದೆ.

"ಮೇಡಂ! ನಮ್ಮತ್ತಿ ನನಗ ಬೈದ್ರು! ಬಾಯಿಗೆ ಬಂದಂಗ ಬೈದ್ರು ಮೇಡಂ!"

ತೆರೇಜಾ ಮೇಡಂ ಕನ್ನಡಕ ತೆಗೆದು ನನ್ನ ಮುಖ ನೋಡಿದಳು. ಆಮೇಲೆ ಕೌನ್ಸಿಲ್ಲಿಗೂ ಕೇಳದೆ ಉಳಿದ ಚಾಪೆಗಳನ್ನು ಸುತ್ತಲು ಆಜ್ಞೆ ಕೊಟ್ಟಳು.